ಸಮುದ್ರ ಇಲ್ಲದ ಊರಲ್ಲಿ ಚಂಡಮಾರುತ ಯಾಕೆ ನೋಡ್ತೀಯ?

"ಕಲಬುರ್ಗ್ಯಾಗ ಕುಂತು ಸಮುದ್ರದ ಚಂಡಮಾರುತ ನೋಡಿ ಏನ್ ಮಾಡ್ತಿ?" ಮನೆಗೆ ಬಂದವರು ಕೇಳುತ್ತಾರೆ, ದಾಲ್ ಮಿಲ್ಲಿನಲ್ಲಿ ಜೊತೆಗೆ ಲೆಕ್ಕ ಬರೆಯುವವರೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರೇ ಕೇಳಲಿ, ಈ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ಉಪಗ್ರಹ ಕಳಿಸುವ ಚಿತ್ರಗಳಲ್ಲಿ ಚಂಡಮಾರುತ ನೋಡಲು ಇಷ್ಟ, ಅದಕ್ಕೆ ನೋಡುತ್ತೇನೆ. ಮಿಲ್ಲಿಗೂ ಉಪಯೋಗ ಉಂಟು. ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಮೋಡ ಇಲ್ಲಿಯವರೆಗೂ ಬರಬಹುದು, ಎಣ್ಣೆ ಹಚ್ಚಿ ಅಂಗಳದಲ್ಲಿ ಹರವಿದ ತೊಗರಿ ಒಣಗುವುದಿಲ್ಲ. ಆದರೆ ಅದಕ್ಕೇ ನೋಡುತ್ತೇನೆ ಅಂದರೆ ಸುಳ್ಳಾಗುತ್ತದೆ.

ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರ ಹಿಂದೆ ಬರುವ ನಗುವಿಗೆ. ಒಂದು ನಿಶ್ಚಿತಾರ್ಥದ ಊಟದಲ್ಲಿ ದೂರದ ಕಾಕಾ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, "ಸಮುದ್ರ ಒಮ್ಮೆರ ನೋಡೀಯೇನು ತಮ್ಮಾ?" ಅಂದರು. "ಇಲ್ಲ ಕಾಕಾ" ಅಂದೆ. ಪಂಕ್ತಿ ಪೂರಾ ನಕ್ಕಿತು. ಹುಗ್ಗಿ ಬಡಿಸುವ ಹುಡುಗನೂ ಬಕೆಟ್ ಹಿಡಿದು ನಿಂತು ನಕ್ಕ, ನನಗೆ ಹಾಕುವುದನ್ನೇ ಮರೆತು ಮುಂದೆ ಹೋದ.

ದಂಡೆಯ ಮೇಲೆ ನಿಂತವನಿಗೆ ಚಂಡಮಾರುತ ಕಾಣುವುದೇ ಇಲ್ಲ ಕಾಕಾ. ಗಾಳಿ, ಮಳೆ, ಅಲೆ ಕಾಣುತ್ತವೆ, ಅಷ್ಟೇ. ಪೂರಾ ಸುಳಿ ಕಾಣಬೇಕಾದರೆ ಬಹಳ ಮೇಲಿರಬೇಕು. 2016ರಲ್ಲಿ ಹಾರಿಸಿದ ನಮ್ಮ ದೇಶದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, 74 ಡಿಗ್ರಿ ರೇಖಾಂಶದಲ್ಲಿದೆ. ನಮ್ಮ ಊರು 77ರ ಹತ್ತಿರ. ಲೆಕ್ಕ ಹಾಕಿದರೆ ಸಮುದ್ರದ ದಂಡೆಯ ಪುರಿಯವರಿಗಿಂತ ಅದು ನಮಗೇ ಹತ್ತಿರ! ಅರ್ಧ ಗಂಟೆಗೊಂದು ಚಿತ್ರ ಕಳಿಸುತ್ತದೆ, ಅದೂ ಪುಕ್ಕಟೆ.

ಇನ್ನು ಕೆಲವರಿಗೆ ಹೆಸರಿನದೇ ಚಿಂತೆ. ಈ ಸಲದ್ದರ ಹೆಸರೇನು, ದೊಡ್ಡದೇನು? 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ಮೇಲೆ ಬಂತಲ್ಲ, ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿತಲ್ಲ, ಅದಕ್ಕೆ ಹೆಸರೇ ಇರಲಿಲ್ಲ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಹೆಸರು ಇಡುತ್ತಾರೆ. ಅದು ಮುಟ್ಟಲಿಲ್ಲ, ಮಳೆ ಮಾತ್ರ ಸುರಿಯಿತು.

ಇದೆಲ್ಲ ಬಿಟ್ಟು ಒಬ್ಬರಾದರೂ "ರಾತ್ರಿ ಹೆಂಗ ಕಾಣ್ತದ?" ಅಂತ ಕೇಳಬಾರದಾ?

ರಾತ್ರಿಯದು ಬೆಳಕಿನ ಫೋಟೊ ಅಲ್ಲ, ಶಾಖದ ಚಿತ್ರ. ಎತ್ತರದ ಮೋಡದ ತುದಿ ಮೈನಸ್ 70, 80 ಡಿಗ್ರಿ ತಣ್ಣಗಿರುತ್ತದೆ, ಅದಕ್ಕೇ ಬೆಳ್ಳಗೆ ಕಾಣುತ್ತದೆ. ಬಲವಾದ ಚಂಡಮಾರುತದ ಕಣ್ಣಿನೊಳಗೆ, ಅಂದರೆ ಸುಳಿಯ ನಟ್ಟನಡುವಿನ ಶಾಂತ ಜಾಗದಲ್ಲಿ, ಗಾಳಿ ಕೆಳಗಿಳಿದು ಬಿಸಿಯಾಗುತ್ತದೆ, ಹಾಗಾಗಿ ಬಿಳಿಯ ನಡುವೆ ಕಪ್ಪು ಚುಕ್ಕೆ. ಕಣ್ಣು ಮೂಡಿದ್ದರೆ ನಡು ಎಲ್ಲಿದೆ ಅಂತ ನಾನೂ ಹೇಳಬಲ್ಲೆ. ಕಷ್ಟ ಇರುವುದು ಕಣ್ಣಿಲ್ಲದ ಅರೆಬೆಂದವುಗಳದ್ದು. ಮೇಲಿನ ಗಾಳಿ ಎತ್ತರದ ಮೋಡವನ್ನು ಒಂದು ಕಡೆ ತಳ್ಳಿಬಿಡುತ್ತದೆ, ನಿಜವಾದ ಸುಳಿ ಆಚೆ ಕಡೆ ಬರೀ ಕೆಳಮಟ್ಟದ ಮೋಡದಲ್ಲಿ ಸುತ್ತುತ್ತಿರುತ್ತದೆ. ಆ ಮೋಡದ ಶಾಖಕ್ಕೂ ಸಮುದ್ರದ ಶಾಖಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ, ಹಾಗಾಗಿ ರಾತ್ರಿ ಅದು ಕಾಣುವುದೇ ಇಲ್ಲ. ಬೆಳಿಗ್ಗೆ ಬಿಸಿಲಿನ ಮೊದಲ ಚಿತ್ರ ಬಂದಾಗ, ರಾತ್ರಿಯಿಡೀ ದೊಡ್ಡ ಬಿಳಿ ಮುದ್ದೆಯ ಕೆಳಗೇ ಇದೆ ಅಂದುಕೊಂಡಿದ್ದ ನಡು ಬೇರೆಲ್ಲೋ ಬೆತ್ತಲಾಗಿ ನಿಂತಿರುತ್ತದೆ. ಅನುಭವಿ ತಜ್ಞರಿಗೂ ಹೀಗಾಗುತ್ತದೆ. ಮೋಡದೊಳಗೆ ಇಣುಕುವ ಮೈಕ್ರೋವೇವ್ ಉಪಗ್ರಹಗಳಿವೆ, ಆದರೆ ಅವು ಒಂದೇ ಕಡೆ ನಿಲ್ಲುವುದಿಲ್ಲ. ದಿನಕ್ಕೆ ಕೆಲವೇ ಸಲ ಹಾಯುತ್ತವೆ, ಅದೂ ಎಷ್ಟೋ ಸಲ ನಮಗೆ ಬೇಕಾದ ಜಾಗ ಬಿಟ್ಟು.

ಇದನ್ನು ಕೇಳುವವರಿಗೆ ಚಹಾ ನನ್ನದು. ಮಗಳ ಮದುವಿ ದಿನ ಮಳಿ ಬರ್ತದೇನು ಅಂತ ಕೇಳುವವರು ದಯವಿಟ್ಟು ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಳ್ಳಿ.