ಎರಡು ಹೆಜ್ಜೆ

ಬೆಳಿಗ್ಗೆ ಏರಿನಲ್ಲಿ ತರಕಾರಿ ಗಾಡಿಯವರೊಬ್ಬರು "ಸ್ವಲ್ಪ ಕೈ ಹಾಕಿ ಸಾರ್" ಅಂದರು. ಹಾಕಿದೆ. ಆದರೆ ಅದಕ್ಕೂ ಮುಂಚೆ ಒಮ್ಮೆ ಸುತ್ತ ನೋಡಿದೆ, ಪರಿಚಯದವರು ಯಾರಾದರೂ ಇದ್ದಾರಾ ಅಂತ.

ಆಗಿನಿಂದ ಲ್ಯಾನ್ಸಲಾಟ್ ತಲೆಯಲ್ಲೇ ಇದ್ದಾನೆ, ಹಳೇ ಕಥೆಗಳ ಆರ್ಥರ್ ರಾಜನ ಆಸ್ಥಾನದ ವೀರ.

12ನೇ ಶತಮಾನದ ಫ್ರೆಂಚ್ ಕವಿ ಕ್ರೆತಿಯಾಂ ದ ತ್ರುವಾ ಹೇಳಿದ ಕಥೆ. ಆರ್ಥರ್‌ನ ರಾಣಿ ಗ್ವಿನಿವೀರ್‌ಳನ್ನು ಹೊತ್ತೊಯ್ದಿದ್ದಾರೆ. ಹುಡುಕಿ ಹೊರಟವನ ಕುದುರೆ ಸತ್ತಿದೆ. ದಾರಿಯಲ್ಲಿ ಒಂದು ಗಾಡಿ. ಕಳ್ಳರನ್ನು, ಕೊಲೆಗಾರರನ್ನು ಕೂರಿಸಿ ಊರೆಲ್ಲ ಸುತ್ತಿಸುವ ಗಾಡಿ ಅದು. ಹತ್ತಿದರೆ ರಾಣಿಯ ಸುದ್ದಿ ಸಿಗುತ್ತೆ ಅಂತಾನೆ ಗಾಡಿ ಹೊಡೆಯುವ ಕುಳ್ಳ.

ಲ್ಯಾನ್ಸಲಾಟ್ ಹತ್ತುತ್ತಾನೆ. ಎರಡೇ ಎರಡು ಹೆಜ್ಜೆ ತಡೆದು.

ಮುಂದೆ ಕತ್ತಿಯ ಅಲಗಿನ ಸೇತುವೆಯನ್ನೇ ದಾಟ್ತಾನೆ. ಬರಿಗೈ, ಬರಿಗಾಲು, ಮೈಯೆಲ್ಲ ರಕ್ತ. ರಾಣಿ ಮುಖ ಕೊಟ್ಟು ಮಾತಾಡಲ್ಲ. ಕಾರಣ ಆಮೇಲೆ ಹೇಳ್ತಾಳೆ: ಆ ಎರಡು ಹೆಜ್ಜೆ.

ಮೊದಲ ಸಲ ಓದಿದಾಗ ಅವಳ ಮೇಲೆ ಸಿಟ್ಟು ಬಂದಿತ್ತು. ಜೊತೆಗಿದ್ದ ಇನ್ನೊಬ್ಬ ವೀರ ಗವೇನ್ ಗಾಡಿ ಹತ್ತಲೇ ಇಲ್ಲ, ಅವನ ಮರ್ಯಾದೆ ಏನೂ ಹೋಗಲಿಲ್ಲವಲ್ಲ!

ಇವತ್ತು ಆ ಸಿಟ್ಟಿಲ್ಲ.

ಏರು ಮುಗಿದ ಮೇಲೆ ಗಾಡಿಯವರು ನಕ್ಕು "ಬರ್ತೀನಿ ಸಾರ್" ಅಂದರು. ನಾನು ತಡೆದದ್ದನ್ನು ಅವರು ನೋಡಿದ್ರು ಅನ್ಸುತ್ತೆ.