ಬಾದಾಮಿ ಗುಡ್ಡದ ಸುತ್ತು: ನಕಾಶೆಯಲ್ಲಿಲ್ಲದ ಬಂಡೆಗೋಡೆ

ಅಗಸ್ತ್ಯತೀರ್ಥದ ದಂಡೆಯಿಂದ ಹೊರಟು ಸಿಡಿಲಫಡಿ, ಮಹಾಕೂಟ, ಪಟ್ಟದಕಲ್ಲು, ಬನಶಂಕರಿಗಳನ್ನು ಸುತ್ತಿ ಬಾದಾಮಿಗೆ ಮರಳುವ ಓಟದ ದಾರಿಯಲ್ಲಿ ನಾಲ್ಕು ತಿಂಗಳಿಂದ ಬಗೆಹರಿಯದ ಒಂದು ತುಂಡು ಕಳೆದ ರವಿವಾರ ಕೊನೆಗೂ ಕೂಡಿಕೊಂಡಿತು. ಮಹಾಕೂಟಕ್ಕೆ ಯಾತ್ರಿಕರ ಕಾಲುದಾರಿ ಇದ್ದೇ ಇದೆ. ಆದರೆ ಗುಡ್ಡದ ನೆತ್ತಿ ಬಿಡದೆ ಓಡಬೇಕೆಂಬುದು ನಮ್ಮ ಹಟವಾದ್ದರಿಂದ, ಕೊನೆಯ ಒಂದೂವರೆ ಕಿಲೋಮೀಟರಿನ ಇಳಿತವೇ ತೊಡಕಾಗಿತ್ತು.

ಗುಡ್ಡ ನಡೆಯುವವರಿಗಾಗಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕದಂತೆ, ಐದು ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೆ, ಈ ತುಂಡಿಗೆ 18 ನಿಮಿಷ ಸಾಕು. ಮೊದಲ ಸಲ ನನಗೆ 52 ನಿಮಿಷ ಹಿಡಿಯಿತು, ಏಕೆಂದರೆ ನಕಾಶೆಯ ಮೇಲೆ ನಾನೇ ಎಳೆದ ಗೆರೆ ಹಿಡಿದು ಹೋದವನು ಹನ್ನೆರಡು ಮೀಟರಿನಷ್ಟು ಕಡಿದಾದ ಬಂಡೆಯ ಅಂಚಿನಲ್ಲಿ ನಿಂತಿದ್ದೆ. 1:50,000 ಪ್ರಮಾಣದ ನಕಾಶೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳು 20 ಮೀಟರ್ ಎತ್ತರಕ್ಕೊಂದರಂತೆ ಇರುವುದರಿಂದ, ಅಂಥ ಗೋಡೆ ಎರಡು ರೇಖೆಗಳ ನಡುವೆ ಸುಳಿವು ಕೊಡದೆ ಅಡಗಬಲ್ಲದು. 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಎತ್ತರಗಳೂ 30 ಮೀಟರಿಗೊಂದು ಬಿಂದುವಿನಂತೆ ಸಿಗುವುದರಿಂದ, ಗೋಡೆಯನ್ನು ಇಳಿಜಾರಾಗಿ ತೋರಿಸುತ್ತವೆ. ಮರಳುಗಲ್ಲಿನ ನಾಡಿನಲ್ಲಿ ಗುಡ್ಡ ಎತ್ತರದಿಂದಲ್ಲ, ಅಂಚಿನಿಂದ ಕಾಡುತ್ತದೆ.

ಎರಡನೆಯ ಸಲ ಪಕ್ಕದ ಸಂದಿಯೊಂದನ್ನು ಕೈಯೂರಿ ಹತ್ತಿದೆ, ಇಳಿಯಲಾಗಲಿಲ್ಲ. ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಯೊಳಗೆ ಮುಗಿಸಿದ 42 ಶಿಖರಗಳ ಸುತ್ತನ್ನು ಇಂದಿಗೂ ಯಾವ ದಿಕ್ಕಿನಿಂದಲಾದರೂ ಓಡಬಹುದು. ನಮ್ಮ ಸುತ್ತೂ ಪ್ರದಕ್ಷಿಣೆ, ಅಪ್ರದಕ್ಷಿಣೆ ಎರಡಕ್ಕೂ ಒಗ್ಗಬೇಕು. ಹತ್ತಲಷ್ಟೇ ಬರುವ ಸಂದಿ ದಾರಿಯಲ್ಲ.

ಮೂರನೆಯ ಪ್ರಯತ್ನ ಬೂಟಿನಿಂದ ಕೆಟ್ಟಿತು. ಒಣ ಬಂಡೆಯನ್ನು ಕಚ್ಚಿ ಹಿಡಿಯುವ ಮೃದು ರಬ್ಬರಿನ ಅಟ್ಟೆ ಬೇಕೆಂದು ಸ್ಪಷ್ಟವಾಗಿ ಬರೆದಿದ್ದರೂ, ಅಂಗಡಿಯವರು ಮೂರು ವಾರ ಕಾಯಿಸಿ ಡಾಂಬರು ರಸ್ತೆಯ ಗಟ್ಟಿ ಅಟ್ಟೆಯ ಜೋಡಿ ಕಳಿಸಿದರು. ಹಿಂದಿರುಗಿಸುವ ಸಾಗಣೆ ಖರ್ಚೂ ನನ್ನ ತಲೆಗೇ ಬಂತು. ಬಂಡೆಯ ಮೇಲಿನ ಉದುರು ಮರಳು ರಾಗಿ ಚೆಲ್ಲಿದಂತೆ ಜಾರಿಸುತ್ತದೆ, ಅದರ ಮೇಲೆ ಆ ಬೂಟು ಅಪಾಯವೇ ಸರಿ.

ದಾರಿ ತೋರಿದವರು ಒಬ್ಬ ಕುರಿಗಾಹಿ ಹಿರಿಯರು. "ಅಲ್ಲಿ ಇಳ್ಯಾಕ ಬರೂದಿಲ್ರೀ ಸರ, ಮಳಿನೀರು ಹರದದ್ದ ಹಾದಿ ನೋಡ್ರಿ, ಆಡು ಅಲ್ಲೇ ಇಳಿತಾವ," ಎಂದರು. ನನ್ನ ಗೆರೆಗಿಂತ ಇನ್ನೂರು ಹೆಜ್ಜೆ ಎಡಕ್ಕೆ, ಕಾರೆ ಕಂಟಿಗಳ ಹಿಂದೆ, ನೀರು ಕೊರೆದ ಮೆಟ್ಟಿಲಿನಂಥ ಕೊರಕಲಿತ್ತು. ಇಳಿಯಲು ಹನ್ನೊಂದು ನಿಮಿಷ, ಮರಳಿ ಹತ್ತಲು ಹದಿನಾರು. ಬಂಡೆಗೆ ಬಣ್ಣದ ಗುರುತು ಬಳಿಯುವುದಿಲ್ಲ. ಪ್ರಾಚೀನ ಚಿತ್ರಗಳಿರುವ ಗುಡ್ಡದಲ್ಲಿ ನಮ್ಮ ಬಣ್ಣಕ್ಕೆ ಜಾಗವಿಲ್ಲ.

ಇದೇ ಪಾಠದಿಂದ ಸವದತ್ತಿಯ ಮುಂದಿನ ಯೋಜನೆಯನ್ನೂ ತಿದ್ದುತ್ತಿದ್ದೇನೆ: ಪರಸಗಡ, ಯಲ್ಲಮ್ಮನ ಗುಡ್ಡ, ನವಿಲುತೀರ್ಥಗಳ ನಡುವೆ ಮೊದಲು ಆಡಿನ ಹಾದಿ ಕೇಳಿ, ಆಮೇಲೆ ಗೆರೆ ಎಳೆಯುವುದು. ಅದಕ್ಕೂ ಮುನ್ನ ಬರುವ ಅಮಾವಾಸ್ಯೆಯ ರಾತ್ರಿ, ತಲೆದೀಪದ ಬೆಳಕಿನಲ್ಲಿ, ಜೊತೆಗಾರರೊಬ್ಬರೊಂದಿಗೆ ಈ ಕೊರಕಲನ್ನು ಇಳಿದು ನೋಡಬೇಕು.