ಫ್ರೀಜರ್ ಲಾಗರ್, ಮೂರನೇ ವಾರ: ಕಾಣೆಯಾದ ಸೊನ್ನೆ

ಫ್ರೀಜರ್ ಒಳಗಿನ ಡಿಎಸ್18ಬಿ20 ಎಂಬ ತಾಪಮಾನ ಸೆನ್ಸರ್ ಈಗ ನಿಮಿಷಕ್ಕೊಂದು ರೀಡಿಂಗ್ ಕೊಡುತ್ತಿದೆ. ನಡುನಡುವೆ ಸುಳ್ಳೂ ಹೇಳುತ್ತದೆ. ಪವರ್ ಬಂದ ಕೂಡಲೇ, ಇನ್ನೂ ಅಳೆಯುವ ಮೊದಲೇ ಓದಿದರೆ 85 ಡಿಗ್ರಿ. ವೈರ್ ಸಡಿಲವಾದರೆ ನಾನು ಬಳಸುವ ಆರ್ಡುಯಿನೊ (ಸೆನ್ಸರ್ ಓದುವ ಪುಟ್ಟ ಬೋರ್ಡ್) ಲೈಬ್ರರಿ ಮೈನಸ್ 127 ಕೊಡುತ್ತದೆ. ಪೈಥಾನ್‌ನಲ್ಲಿ ಇವೆರಡನ್ನೂ ಹುಡುಕಿ ಆ ಜಾಗಕ್ಕೆ 'ನನ್' (None, ಅಂದರೆ 'ಇಲ್ಲಿ ಏನೂ ಇಲ್ಲ' ಎನ್ನುವ ಪೈಥಾನ್ ಗುರುತು) ಹಾಕುವುದೇ ಈ ವಾರದ ಕೆಲಸ.

ಮೊದಲು ಫಾರ್ ಲೂಪ್‌ನಲ್ಲಿ ಒಂದೊಂದೇ ರೀಡಿಂಗ್ ತೆಗೆದು, 85 ಬಂದಾಗ ಲೂಪಿನ ವೇರಿಯಬಲ್‌ಗೆ ನನ್ ಕೊಟ್ಟೆ. ಲಿಸ್ಟ್ ಅಲುಗಾಡಲೇ ಇಲ್ಲ. ಆ ವೇರಿಯಬಲ್ ಬರೀ ಒಂದು ಹೆಸರು, ಅಲ್ವಾ? ಅದನ್ನು ಬೇರೆಯದಕ್ಕೆ ಅಂಟಿಸಿದರೆ ಲಿಸ್ಟಿಗೇನು ಗೊತ್ತು! ಎನ್ಯೂಮರೇಟ್‌ನಿಂದ ಇಂಡೆಕ್ಸ್ (ಲಿಸ್ಟಿನಲ್ಲಿ ಎಷ್ಟನೆಯದು ಎಂಬ ಸಂಖ್ಯೆ) ಪಡೆದು, ಲಿಸ್ಟಿನ ಆ ಜಾಗಕ್ಕೇ ಬರೆದ ಮೇಲೆ ಸರಿಹೋಯಿತು.

ಅಷ್ಟಕ್ಕೇ ಸುಮ್ನಿರಬೇಕಿತ್ತು. ಒಂದೇ ಸಾಲಿನಲ್ಲಿ ಮುಗಿಸುವ ಚಪಲಕ್ಕೆ ಲಿಸ್ಟ್ ಕಾಂಪ್ರಹೆನ್ಷನ್ (ಲೂಪನ್ನು ಒಂದೇ ಸಾಲಿಗೆ ಇಳಿಸಿ ಹೊಸ ಲಿಸ್ಟ್ ಮಾಡುವ ರೀತಿ) ಬರೆದು, ಇಫ್ ಅನ್ನು ಕೊನೆಗೆ ಇಟ್ಟೆ. 1440 ರೀಡಿಂಗ್ ಇದ್ದದ್ದು 1431 ಆಯಿತು. ಕೊನೆಯಲ್ಲಿರುವ ಇಫ್ ಜರಡಿ ಇದ್ದ ಹಾಗೆ: ಬದಲಿಸುವುದಿಲ್ಲ, ಬಿಸಾಕುತ್ತದೆ. ಸಮಯದ ಲಿಸ್ಟ್ ಬೇರೆ ಇತ್ತು, ಎರಡನ್ನೂ ಜಿಪ್‌ನಿಂದ ಜೋಡಿಸಿದ್ದೆ. ಉದ್ದ ಬೇರೆಬೇರೆಯಾದರೂ ಜಿಪ್ ತುಟಿಪಿಟಕ್ ಎನ್ನಲಿಲ್ಲ. ಗ್ರಾಫ್ ಮಾತ್ರ ಎಡಕ್ಕೆ ಜಾರಿತ್ತು. ಬದಲಿಸಬೇಕಾದರೆ ಇಫ್, ಎಲ್ಸ್ ಎರಡೂ ಫಾರ್‌ಗಿಂತ ಮುಂಚೆ ಬರಬೇಕು.

ನಿಜವಾದ ತಲೆನೋವು ನಿನ್ನೆ ರಾತ್ರಿಯದು. ನನ್ ಇದ್ದಲ್ಲಿ ಹಿಂದಿನ ರೀಡಿಂಗ್ ತುಂಬಲು 'ಇಫ್ ನಾಟ್' ಅಂತ ಬರೆದಿದ್ದೆ. ಡೀಫ್ರಾಸ್ಟ್ ಮಾಡುವಾಗ ಸೆನ್ಸರ್ ಕರಗುವ ಐಸ್‌ಗೆ ಅಂಟಿಕೊಂಡಿತ್ತು. ಹಾಗಾಗಿ ಗೆರೆ ಸೊನ್ನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು. ನಿಂತದ್ದು ಮೈನಸ್ 0.0625ರಲ್ಲಿ, ಅಂದರೆ ಸೊನ್ನೆಗಿಂತ ಸರಿಯಾಗಿ ಒಂದು ಮೆಟ್ಟಿಲು ಕೆಳಗೆ. 12 ಬಿಟ್‌ನಲ್ಲಿ ಈ ಸೆನ್ಸರ್ ಗುರುತಿಸುವ ಅತಿ ಸಣ್ಣ ಮೆಟ್ಟಿಲು ಅಷ್ಟೇ. ಸೆನ್ಸರನ್ನೇ ಅರ್ಧ ಗಂಟೆ ಬೈದೆ. ಕೊನೆಗೆ ಇಡೀ ದಿನದ ಡೇಟಾದಲ್ಲಿ ಒಂದಾದರೂ 0.0 ಇದೆಯಾ ಅಂತ ಎಣಿಸಿದೆ. ಒಂದೂ ಇಲ್ಲ! ಇಫ್ ನಾಟ್ ಕೇಳಿದಾಗ ಪೈಥಾನ್‌ಗೆ 0.0 ಕೂಡ ನನ್ ಥರವೇ 'ಇಲ್ಲ' ಅಂತ ಲೆಕ್ಕ. ಖಾಲಿ ಸ್ಟ್ರಿಂಗ್, ಖಾಲಿ ಲಿಸ್ಟ್ ಕೂಡ ಹಾಗೇ. ನನ್ನ ಕೋಡ್ ಒಂದೊಂದೇ ಅಸಲಿ ಸೊನ್ನೆಯನ್ನು ತೆಗೆದು ಹಿಂದಿನ ರೀಡಿಂಗ್ ತುಂಬಿತ್ತು. 'ಈಸ್ ನನ್' ಅಂತ ನೇರವಾಗಿ ಕೇಳಿದೆ, ಸೊನ್ನೆಗಳು ವಾಪಸ್ ಬಂದವು.

ಸೆನ್ಸರ್ ಹೆಸರು ಮತ್ತು ಕೊನೆಯ ರೀಡಿಂಗ್ ಇಡುವ ಡಿಕ್ಷನರಿ ಜಾಸ್ತಿ ಕಾಡಲಿಲ್ಲ. ಲೂಪ್ ಓಡುವಾಗ ಇದ್ದ ಕೀಗೆ (ಇಲ್ಲಿ ಸೆನ್ಸರ್ ಹೆಸರಿಗೆ) ಹೊಸ ವ್ಯಾಲ್ಯೂ ಕೊಡಬಹುದು. ಆದರೆ ಸತ್ತ ಸೆನ್ಸರ್‌ನ ಕೀಯನ್ನೇ ಅಳಿಸಹೋದರೆ ರನ್‌ಟೈಮ್ ಎರರ್. ಕೀಗಳನ್ನು ಮೊದಲು ಬೇರೆ ಲಿಸ್ಟಿಗೆ ಹಾಕಿಕೊಂಡು, ಅದರ ಮೇಲೆ ಲೂಪ್ ಓಡಿಸಿದೆ.

ಬಾಕಿ ಇರುವುದು ಕಂಪ್ರೆಸರ್ ಪಕ್ಕದ ಎರಡನೇ ಸೆನ್ಸರ್. ಅಲ್ಲಿ 85 ನಿಜವೂ ಇರಬಹುದು. ಹಿಂದಿನ ರೀಡಿಂಗ್ ಜೊತೆ ಹೋಲಿಸಿ, ಒಮ್ಮೆಲೇ ಜಿಗಿದಿದ್ದರೆ ಮಾತ್ರ ನನ್ ಹಾಕಬೇಕು. ಇನ್ನೂ ಬರೆದಿಲ್ಲ.